ಉಸಿರು ಹಿಡಿದಾಗ ಒದ್ದಾಡಿಸುವುದು ಯಾವುದು?

ಬೇಸಿಗೆ ಬಂತೆಂದರೆ ಬಹರೈನಿನ ರಿಫಾದ ನಮ್ಮ ಮಕ್ಕಳಿಗೆ ಸಂಜೆಯಿಡೀ ಈಜುಕೊಳವೇ ಮನೆ. ನೀರೊಳಗೆ ಯಾರು ಹೆಚ್ಚು ಹೊತ್ತು ಇರುತ್ತಾರೆಂಬ ಪಂದ್ಯವೂ ನಡೆಯುತ್ತದೆ. ಮುಳುಗುವ ಮೊದಲು ಕೆಲವರು ಬುಸುಬುಸು ಎಂದು ಹತ್ತಾರು ಸಲ ಉಸಿರೆಳೆದು ಬಿಡುತ್ತಾರೆ. ಅಪಾಯ ಇರುವುದು ಅಲ್ಲೇ.

ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ. ಅದಕ್ಕೆ ಅಪ್ಪಣೆ ಬರುವುದು ಮೆದುಳಿನ ಬುಡದಲ್ಲಿರುವ ಮೆಡುಲಾ ಎಂಬ ಭಾಗದಿಂದ. ಅಲ್ಲಿ ಉಸಿರಿನ ತಾಳ ಹಾಕುವ ಪುಟ್ಟ ನರಕೋಶಗಳ ಗುಂಪನ್ನು ವಿಜ್ಞಾನಿಗಳು 1991ರಲ್ಲಿ ಗುರುತಿಸಿದರು. ಸಂಕೇತ ಬೆನ್ನುಹುರಿಗಿಳಿದು, ಕುತ್ತಿಗೆಯಿಂದ ಹೊರಡುವ ಫ್ರೆನಿಕ್ ನರದ ಮೂಲಕ ವಪೆಗೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರಕ್ಕೆ ಮುಟ್ಟುತ್ತದೆ. ವಪೆ ಕೆಳಗಿಳಿದಾಗ ಗಾಳಿ ಒಳಬರುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಉಬ್ಬುವುದು ತಿಳಿಯುತ್ತದೆ. ಸುಮ್ಮನೆ ಕುಳಿತ ದೊಡ್ಡವರಲ್ಲಿ ಇದು ನಿಮಿಷಕ್ಕೆ 12ರಿಂದ 20 ಸಲ ನಡೆಯುತ್ತದೆ, ನಿದ್ದೆಯಲ್ಲೂ ನಿಲ್ಲುವುದಿಲ್ಲ.

ಹಾಗಿದ್ದರೆ ಬೇಕೆಂದಾಗ ಉಸಿರು ಹಿಡಿಯುವುದು ಹೇಗೆ? ಆ ಅಪ್ಪಣೆ ಮೆದುಳಿನ ಮೇಲ್ಭಾಗದ್ದು. ಅದರ ಮಾತು ಸ್ವಲ್ಪ ಹೊತ್ತು ಮಾತ್ರ ನಡೆಯುತ್ತದೆ. ಆಮೇಲೆ ಒದ್ದಾಟ ಶುರು. ಆಕ್ಸಿಜನ್ ಮುಗಿದದ್ದೇ ಇದಕ್ಕೆ ಕಾರಣ ಎಂದು ಹೆಚ್ಚಿನವರು ನಂಬಿದ್ದಾರೆ. ನಿಜವಾಗಿ, ಕಾರ್ಬನ್ ಡೈಆಕ್ಸೈಡ್ ಏರಿ ಹುಳಿಯಂಶ ಹೆಚ್ಚಿದ್ದನ್ನು ಮೆಡುಲಾ ಗ್ರಹಿಸಿರುತ್ತದೆ. ಆಕ್ಸಿಜನ್ ಮಟ್ಟ ನೋಡುವ ಸಣ್ಣ ಅಂಗಗಳು ಕುತ್ತಿಗೆಯ ರಕ್ತನಾಳಗಳ ಬಳಿ ಇವೆ. ಇವುಗಳ ಸಂಶೋಧನೆಗೆ ಬೆಲ್ಜಿಯಂನ ಕಾರ್ನೈಲ್ ಹೈಮನ್ಸ್ ಅವರಿಗೆ 1938ರ ನೊಬೆಲ್ ಬಂತು. ಆದರೆ ಆಕ್ಸಿಜನ್ ಬಹಳ ಇಳಿದ ಮೇಲೆಯೇ ಅವು ಜೋರಾಗಿ ಎಚ್ಚರಿಸುವುದು.

ಈಗ ಪಂದ್ಯಕ್ಕೆ ಬನ್ನಿ. ಬುಸುಬುಸು ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಆಕ್ಸಿಜನ್ ಏನೂ ಅಷ್ಟು ಹೆಚ್ಚುವುದಿಲ್ಲ. ಒದ್ದಾಟ ತಡವಾಗುತ್ತದೆ. ಅಷ್ಟರಲ್ಲಿ ಆಕ್ಸಿಜನ್ ಸಾಲದೆ, ಮುನ್ಸೂಚನೆಯೇ ಇಲ್ಲದೆ ನೀರಲ್ಲೇ ಎಚ್ಚರ ತಪ್ಪಬಹುದು. ಈಜು ಚೆನ್ನಾಗಿ ಬರುವವರಿಗೂ ಇದು ತಪ್ಪಿದ್ದಲ್ಲ.

ಬಹರೈನಿನ ಹಳೆಯ ಮುತ್ತು ಹೆಕ್ಕುವವರು ಮೂಗಿಗೆ ‘ಫಿತಾಮ್’ ಎಂಬ ಚಿಮಟ ಸಿಕ್ಕಿಸಿ ಮುಳುಗುತ್ತಿದ್ದರು. ಅವರ ಹಗ್ಗ ಹಿಡಿದು, ಮೇಲೆಳೆಯಲು ‘ಸೈಬ್’ ಎಂಬಾತ ದೋಣಿಯಲ್ಲಿ ಕಾದಿರುತ್ತಿದ್ದ. ಕೊಳದ ದಡದಲ್ಲಿ ಕೂತ ಅಪ್ಪ ಅಮ್ಮಂದಿರಿಗೂ ಇದೇ ಕೆಲಸ, ಕೈಯಲ್ಲಿ ಮೊಬೈಲ್ ಬೇಡ.

ದೊಡ್ಡವರಿಗೂ ಒಂದು ಮಾತು. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ಅದು ಸ್ಲೀಪ್ ಆಪ್ನಿಯ, ಅಂದರೆ ನಿದ್ದೆಯಲ್ಲಿ ಉಸಿರು ತಡೆಯುವ ತೊಂದರೆ ಇರಬಹುದು. ಮೊದಲು ನಿಮ್ಮ ಹೆಲ್ತ್ ಸೆಂಟರಿನ ವೈದ್ಯರಿಗೆ ತೋರಿಸಿ. ಅವರು ನಿದ್ರಾ ಪರೀಕ್ಷೆಗೆ ಬರೆದುಕೊಟ್ಟರೆ, ಖರ್ಚು ವಿಮೆಯಲ್ಲಿ ಸೇರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ನೀರಿನಲ್ಲಿ ಯಾರಾದರೂ ಎಚ್ಚರ ತಪ್ಪಿದರೆ ಮಾತ್ರ ಕಾಯಬೇಡಿ. ತಕ್ಷಣ ಮೇಲೆತ್ತಿ, 999ಕ್ಕೆ ಕರೆ ಮಾಡಿ.