ಲೈಸೆನ್ಸ್ ದುಬೈಯಲ್ಲಿ, ಲ್ಯಾಪ್‌ಟಾಪ್ ಮಾನಂದವಾಡಿಯಲ್ಲಿ

ಮಾನಂದವಾಡಿ: ಮಗ ಗಲ್ಫ್‌ನಲ್ಲಿದ್ದಾನೆ ಎಂದ ಕೂಡಲೇ ನೆಂಟರು ಕೇಳುವ ಮುಂದಿನ ಪ್ರಶ್ನೆ 'ಯಾವ ಕಂಪೆನಿ?' ಎಂಬುದು. 'ಅವನದ್ದೇ ಕಂಪೆನಿ' ಎಂಬ ಉತ್ತರ ಈಗೀಗ ವಯನಾಡಿನ ಕನ್ನಡ ಮನೆಗಳಲ್ಲೂ ಕೇಳಿಬರುತ್ತಿದೆ. ಕಂಪೆನಿ ಎಂದರೆ ದೊಡ್ಡ ಕಟ್ಟಡ, ಆಳುಕಾಳು ಎಂದುಕೊಂಡ ಹಿರಿಯರಿಗೆ ಇದು ಅರ್ಥವಾಗುವುದು ಕಷ್ಟ. ಇರುವುದು ಒಂದು ಲೈಸೆನ್ಸ್, ಒಂದು ಬ್ಯಾಂಕ್ ಖಾತೆ, ಒಂದು ಲ್ಯಾಪ್‌ಟಾಪ್. ಸಾಫ್ಟ್‌ವೇರ್, ಲೆಕ್ಕಪತ್ರ, ಕಟ್ಟಡದ ಅಳತೆ ಲೆಕ್ಕ, ಸುರಕ್ಷತಾ ಕೆಲಸ ಬಲ್ಲವರು ಸಂಬಳದ ನೌಕರಿ ಬಿಟ್ಟು ತಮ್ಮದೇ ಹೆಸರಿನ ಕಂಪೆನಿಯಿಂದ ಬಿಲ್ ಹಾಕಿ ಹಣ ಪಡೆಯುವ ಕನ್ಸಲ್ಟೆಂಟ್‌ಗಳಾಗುತ್ತಿದ್ದಾರೆ.

ಗಡಿಯಾಚೆಗೆ ಹೋಗಿ ಸ್ವಂತ ಲೆಕ್ಕದಲ್ಲಿ ದುಡಿಯುವುದು ಈ ಜಿಲ್ಲೆಯವರಿಗೆ ಹೊಸದೇನಲ್ಲ. ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಕೊಡಗಿನ ಕಡೆ ಭೂಮಿ ಗುತ್ತಿಗೆಗೆ ಹಿಡಿದು ಶುಂಠಿ ಬೆಳೆದವರು ಇಲ್ಲಿ ಎಷ್ಟಿಲ್ಲ! ಲಾಭವೂ ತಮ್ಮದೇ, ಕೊಳೆರೋಗ ಬಂದರೆ ನಷ್ಟವೂ ತಮ್ಮದೇ. ಗಲ್ಫ್‌ನ ಕನ್ಸಲ್ಟೆಂಟ್ ಕಥೆಯೂ ಹೆಚ್ಚು ಕಡಿಮೆ ಇದೇ. ಆದರೆ ಶುಂಠಿಯವರಿಗೆ ಹೊಲ ಎಲ್ಲಿದೆ ಎಂಬುದರಲ್ಲಿ ಗೊಂದಲವಿಲ್ಲ, ಲ್ಯಾಪ್‌ಟಾಪ್‌ನವರಿಗೆ ಇದೆ.

ಅರಬಿಯ ಪಾಲು ಹೋದದ್ದು

ಹಿಂದೆ ಯುಎಇಯಲ್ಲಿ ಸಾಮಾನ್ಯ ಕಂಪೆನಿ ತೆರೆಯಬೇಕಿದ್ದರೆ ಶೇ. 51 ಪಾಲು ಅಲ್ಲಿಯ ಪ್ರಜೆಯ ಹೆಸರಿನಲ್ಲಿರಬೇಕಿತ್ತು. ಹಣ ನಮ್ಮದು, ದುಡಿಮೆ ನಮ್ಮದು, ಕಾಗದದಲ್ಲಿ ದೊಡ್ಡ ಪಾಲು ಮಾತ್ರ ಅರಬಿಯದ್ದು. 1985ರಲ್ಲಿ ಜೆಬೆಲ್ ಅಲಿಯಲ್ಲಿ ಫ್ರೀ ಝೋನ್ ಬಂದ ಮೇಲೆ ಅಂತಹ ವಲಯಗಳಲ್ಲಿ ಪೂರ್ತಿ ಒಡೆತನ ಸಾಧ್ಯವಾಯಿತು. ವಲಯದ ಹೊರಗೂ ಹೆಚ್ಚಿನ ವ್ಯವಹಾರಗಳಿಗೆ ನೂರಕ್ಕೆ ನೂರು ಒಡೆತನ ಸಿಕ್ಕಿದ್ದು 2021ರ ಜೂನ್ 1ರಿಂದ. 2022ರ ಅಕ್ಟೋಬರ್‌ನಲ್ಲಿ ಸ್ವತಂತ್ರವಾಗಿ ದುಡಿಯುವವರಿಗೆಂದೇ ಐದು ವರ್ಷದ ಗ್ರೀನ್ ವೀಸಾ ಜಾರಿಗೆ ಬಂತು. ಇದಾದ ಮೇಲೆ 'ಯಾರದ್ದೋ ಕೈಕೆಳಗೆ ಯಾಕೆ?' ಎಂದು ಹುಡುಗರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ 'ಬಾಸ್ ನಾನೇ' ಎಂದವನಿಗೆ ಗ್ರಾಚ್ಯುಟಿ ಕೊಡುವವರು ಯಾರೂ ಇಲ್ಲ. ಅಲ್ಲಿ ನೌಕರನಾಗಿದ್ದರೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ, ನಂತರ 30 ದಿನದ ಮೂಲ ವೇತನ ಕೊನೆಗೆ ಕೈಗೆ ಬರುತ್ತದೆ. ಸ್ವಂತ ಕಂಪೆನಿಯಲ್ಲಿ ಅದನ್ನು ತಾನೇ ತೆಗೆದಿಡಬೇಕು. ಲೈಸೆನ್ಸ್ ನವೀಕರಣ, ವೀಸಾ, ಆರೋಗ್ಯ ವಿಮೆ ಎಲ್ಲ ಜೇಬಿನಿಂದಲೇ. ಕೆಲಸ ಕೊಡುವ ಗಿರಾಕಿ ಮೂರು ತಿಂಗಳು ಬಿಲ್ ಕೊಡದಿದ್ದರೆ ಮನೆಗೆ ಹಣ ಬರುವುದೂ ಮೂರು ತಿಂಗಳು ನಿಂತಂತೆ. ಕಂಪೆನಿ ಇದೆಯಲ್ಲ, ಕಾಸಿಗೇನು ಬರ ಎನ್ನುವ ನೆಂಟರು ಇದನ್ನು ತಿಳಿದರೆ ಒಳ್ಳೆಯದು.

ತೆರಿಗೆಯೇ ಇಲ್ಲದ ಊರು ಎಂಬ ಮಾತೂ ಹಳೆಯದಾಯಿತು. 2018ರ ಜನವರಿಯಿಂದ ಅಲ್ಲಿ ಶೇ. 5 ವ್ಯಾಟ್ ಇದೆ. 2023ರ ಜೂನ್ 1ರ ನಂತರ ಶುರುವಾದ ಲೆಕ್ಕದ ವರ್ಷಗಳಿಗೆ, 3,75,000 ದಿರ್ಹಂ ಮೀರಿದ ಲಾಭದ ಮೇಲೆ ಶೇ. 9 ಕಂಪೆನಿ ತೆರಿಗೆ ಇದೆ. ಫ್ರೀ ಝೋನ್‌ನಲ್ಲಿದ್ದ ಮಾತ್ರಕ್ಕೆ ಎಲ್ಲ ಆದಾಯಕ್ಕೂ ವಿನಾಯಿತಿ ಸಿಗುವುದಿಲ್ಲ. ಲಾಭ ಅಷ್ಟಿಲ್ಲದ ಸಣ್ಣ ಕಂಪೆನಿಯೂ ನೋಂದಾಯಿಸಿ ಲೆಕ್ಕ ಒಪ್ಪಿಸಲೇಬೇಕು.

ಕುರ್ಚಿ ಎಲ್ಲಿದೆ?

ನಿಜವಾದ ಫಜೀತಿ ಶುರುವಾಗುವುದು ಊರಿಗೆ ಬಂದು ಕೂತಾಗ. ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಿದ ರೂಢಿ ಹಲವರಿಗೆ ಉಳಿದಿದೆ. ಅಪ್ಪನಿಗೆ ಹುಷಾರಿಲ್ಲ, ಕಾಫಿ ಕೊಯ್ಲಿಗೆ ಜನ ಸಿಗುವುದಿಲ್ಲ, ಮಕ್ಕಳನ್ನು ಇಲ್ಲಿಯೇ ಶಾಲೆಗೆ ಸೇರಿಸಿದೆ. 2018ರಲ್ಲಿ ಕಣ್ಣೂರು ವಿಮಾನ ನಿಲ್ದಾಣ ಆದ ಮೇಲೆ ಹೋಗಿ ಬರುವುದೂ ಸುಲಭ. ಹಾಗಾಗಿ ಕಂಪೆನಿ ದುಬೈಯಲ್ಲೇ ಇರಲಿ, ಕೆಲಸ ತೋಟದ ಮನೆಯಿಂದ ಆಗಲಿ ಎಂಬ ಲೆಕ್ಕಾಚಾರ. 'ದುಡ್ಡು ದುಬೈ ಖಾತೆಗೆ ಬರುತ್ತದೆ, ಇಲ್ಲಿಯವರಿಗೆ ಯಾಕೆ ತೆರಿಗೆ?' ಎಂಬ ವಾದ ಬೇರೆ.

ಕಾನೂನು ಈ ವಾದವನ್ನು ಒಪ್ಪುವುದಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ಇಲ್ಲಿಯ ನಿವಾಸಿ. ಭಾರತದೊಳಗಿನ ಆದಾಯ 15 ಲಕ್ಷ ರೂಪಾಯಿ ಮೀರಿದ್ದರೆ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಕಳೆದವರಿಗೆ 2020ರ ತಿದ್ದುಪಡಿಯ ಪ್ರಕಾರ ಈ ಮಿತಿ 120 ದಿನಕ್ಕೆ ಇಳಿಯುತ್ತದೆ. ದಿನದ ಲೆಕ್ಕ ತಪ್ಪಿಸಿಕೊಂಡರೂ ಮುಗಿಯಲಿಲ್ಲ. ಭಾರತದಲ್ಲಿ ಕೂತು ಮಾಡಿದ ಕೆಲಸದ ಸಂಬಳ ಭಾರತದಲ್ಲಿ ಹುಟ್ಟಿದ ಆದಾಯವೇ, ಅದು ಯಾವ ದೇಶದ ಖಾತೆಗೆ ಬಿದ್ದರೂ ಅಷ್ಟೇ. ಒಡೆಯ ವರ್ಷವಿಡೀ ಇಲ್ಲಿಂದಲೇ ವ್ಯವಹಾರ ನಡೆಸಿದರೆ ಕಂಪೆನಿಗೇ ಭಾರತದಲ್ಲಿ ಖಾಯಂ ನೆಲೆ ಇದೆ ಎಂದು ಇಲಾಖೆ ಹೇಳಬಹುದು. ಆಗ ಆ ಭಾಗದ ಲಾಭಕ್ಕೂ ಇಲ್ಲಿ ತೆರಿಗೆ.

ಖಾಯಂ ಮರಳಿದವರಿಗೆ ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷ ಹೊರದೇಶದ ಆದಾಯಕ್ಕೆ ವಿನಾಯಿತಿ ಇದೆ ಎಂಬುದು ನಿಜ. ಆದರೆ ಭಾರತದಿಂದಲೇ ನಿಯಂತ್ರಿಸುವ ವ್ಯವಹಾರದ ಆದಾಯಕ್ಕೆ ಅದು ಅನ್ವಯಿಸುವುದಿಲ್ಲ. ಲೈಸೆನ್ಸ್ ಮಾಡಿಸಿಕೊಡುವ ಏಜೆಂಟರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತಾರೆ. ಇತ್ತ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗುಳಿದರೆ ಯುಎಇಯ ಸಾಮಾನ್ಯ ವಾಸ್ತವ್ಯ ವೀಸಾ ರದ್ದಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಗಲ್ಫ್‌ಗೆ ಹೋಗದೇ ಊರಿನಿಂದಲೇ ದುಬೈ ಕಂಪೆನಿ ತೆರೆಯುವವರಿಗೆ ದಾರಿ ಬೇರೆ. ನಿವಾಸಿ ಭಾರತೀಯ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಕಂಪೆನಿಯ ಬಂಡವಾಳವಾದರೆ 2022ರ ಆಗಸ್ಟ್‌ನ ವಿದೇಶ ಹೂಡಿಕೆ ನಿಯಮದಂತೆ ಬ್ಯಾಂಕಿನಲ್ಲಿ ಅರ್ಜಿ ಹಾಕಿಯೇ ಹಣ ಹೋಗಬೇಕು, ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಂಪೆನಿಯ ವರದಿ ಕೊಡಬೇಕು. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ಬೇರೆ ಇದೆ. ಅದನ್ನು ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂ. ದಂಡಕ್ಕೆ ಅವಕಾಶವಿದೆ. ಒಟ್ಟು 20 ಲಕ್ಷದೊಳಗಿನ ಚರಾಸ್ತಿಗೆ ಮಾತ್ರ 2024ರ ಅಕ್ಟೋಬರ್‌ನಿಂದ ಈ ದಂಡ ಇಲ್ಲ. ಅನಿವಾಸಿಯಾಗಿದ್ದಾಗ ಅಲ್ಲಿಯೇ ದುಡಿದ ಹಣದಿಂದ ಮಾಡಿದ ಕಂಪೆನಿಯನ್ನು ಮಾತ್ರ ಮರಳಿ ಬಂದ ಮೇಲೂ ಇಟ್ಟುಕೊಳ್ಳಲು ಫೆಮಾ ಕಾನೂನು ಬಿಡುತ್ತದೆ.

ಕೇರಳ ಪ್ರವಾಸಿ ಕ್ಷೇಮ ಮಂಡಳಿಯ ಪಿಂಚಣಿಯ ಕಡೆಗೂ ಗಮನ ಬೇಕು. 60 ವರ್ಷ ತುಂಬುವ ಮೊದಲೇ ಸೇರಬೇಕು, ಕನಿಷ್ಠ ಐದು ವರ್ಷ ವಂತಿಗೆ ಕಟ್ಟಬೇಕು. ಮನೆಮಾತು ಕನ್ನಡವಾದರೂ ವಯನಾಡಿನವರು ಕೇರಳೀಯರೇ, ಹಿಂಜರಿಯಬೇಕಾಗಿಲ್ಲ. ಪಿಎಫ್ ಇಲ್ಲದ ಸ್ವಂತ ಕಂಪೆನಿಯವರಿಗೆ ಇಷ್ಟಾದರೂ ಇರಲಿ.

ಪಕ್ಕದ ತೋಟ ಕೊಳ್ಳುವಂತಿಲ್ಲ

ಮನೆಯವರಿಗೆ ಹೆಚ್ಚು ಬಿಸಿ ತಟ್ಟುವುದು ಭೂಮಿಯ ವಿಷಯದಲ್ಲಿ. ಗಲ್ಫ್ ದುಡ್ಡು ಕೈಗೆ ಬಂದರೆ ಮೊದಲ ಆಸೆ ಪಕ್ಕದ ಕಾಫಿ ತೋಟ ಕೊಳ್ಳುವುದು. ಆದರೆ ಅನಿವಾಸಿ ಭಾರತೀಯ ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಸಂಬಳದವನಾದರೂ ಸ್ವಂತ ಕಂಪೆನಿಯ ಯಜಮಾನನಾದರೂ ಫೆಮಾದಲ್ಲಿ ಇದೇ ನಿಯಮ. ಮನೆ, ನಿವೇಶನ, ಅಂಗಡಿ ಕಟ್ಟಡಕ್ಕೆ ಅಡ್ಡಿಯಿಲ್ಲ. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು 2020ರಲ್ಲಿ ಕರ್ನಾಟಕ ದಾರಿ ಬಿಟ್ಟಿತಲ್ಲ, ಗುಂಡ್ಲುಪೇಟೆಯಲ್ಲಿ ನೋಡೋಣ ಎಂದು ಹೊರಡುವವರಿದ್ದಾರೆ. ಅದು ರಾಜ್ಯದ ಕಾಯ್ದೆ, ಫೆಮಾ ಕೇಂದ್ರದ್ದು. ಮುತ್ತಂಗ ಚೆಕ್‌ಪೋಸ್ಟ್ ದಾಟಿದರೂ ಫೆಮಾ ಬಿಡುವುದಿಲ್ಲ.

ಅಪ್ಪನ ತೋಟದ ಮಾತೂ ಹಾಗೆಯೇ. ವಾರಸುದಾರಿಕೆಯಿಂದ, ಅಂದರೆ ತಂದೆಯ ಕಾಲಾನಂತರ ಪಾಲಿಗೆ ಬಂದ ತೋಟವನ್ನು ಅನಿವಾಸಿ ಮಗ ಧಾರಾಳವಾಗಿ ಇಟ್ಟುಕೊಳ್ಳಬಹುದು. ಬದುಕಿರುವಾಗಲೇ ತಂದೆ ದಾನಪತ್ರ ಬರೆದು ಕೊಟ್ಟರೆ ಅದು ನಿಯಮಕ್ಕೆ ವಿರುದ್ಧ. ಈ ವ್ಯತ್ಯಾಸ ತಿಳಿಯದೆ ರಜೆಗೆ ಬಂದ ಮಗನನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದಕ್ಕಿಂತ, ತೋಟ ಹಂಚುವ ಹಿರಿಯರು ಉಯಿಲು ಬರೆದಿಡುವುದು ಲೇಸು. ಮಗ ಖಾಯಂ ಆಗಿ ಊರಿಗೆ ಮರಳಿದ ಮೇಲಾದರೆ ದಾನಪತ್ರಕ್ಕೂ ತೊಂದರೆಯಿಲ್ಲ, ಪಕ್ಕದ ತೋಟದ ಕ್ರಯಕ್ಕೂ ತೊಂದರೆಯಿಲ್ಲ.