ಮುಳುಗಿದ ಸಬ್‌ಮರೀನ್ ಎಲ್ಲಿದೆ? ಮನೆಯಲ್ಲೇ ಮಾಡಿದ ‘ಪಿಂಗರ್’ ಹೇಳುತ್ತೆ!

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಒಳ್ಳೇದು, ಇವತ್ತಿನ ವಿಷಯವೇ ಶಬ್ದ.

1973ರ ಆಗಸ್ಟ್ ಕೊನೆ. ಐರ್ಲೆಂಡ್ ಹತ್ತಿರದ ಅಟ್ಲಾಂಟಿಕ್ ಸಾಗರದಲ್ಲಿ ಟೆಲಿಫೋನ್ ಕೇಬಲ್ ಹೂಳ್ತಿದ್ದ ಪೈಸಿಸ್-3 ಅನ್ನೋ ಪುಟ್ಟ ಸಬ್‌ಮರೀನ್ ಸುಮಾರು 480 ಮೀಟರ್ ಆಳಕ್ಕೆ ಮುಳುಗಿಬಿಡ್ತು. ಒಳಗಿದ್ದವರು ಇಬ್ಬರು: ರೋಜರ್ ಚಾಪ್‌ಮನ್, ರೋಜರ್ ಮ್ಯಾಲಿನ್ಸನ್. ಮೂರು ದಿನಕ್ಕೂ ಹೆಚ್ಚು ಹೊತ್ತು ಕತ್ತಲಲ್ಲಿ ಕಳೆದು, ಸೆಪ್ಟೆಂಬರ್ 1ರಂದು ಜೀವಂತವಾಗಿ ಮೇಲೆ ಬಂದರು. ಇಂಥ ಹೊತ್ತಲ್ಲಿ ಆಮ್ಲಜನಕ ಮುಗಿಯೋದರೊಳಗೆ ಎರಡು ಕೆಲಸ ಆಗಬೇಕು: ಹುಡುಕೋದು, ಎತ್ತೋದು. ಹುಡುಕೋಕೆ ಹೋದ ಪ್ರತಿ ಗಂಟೆಯೂ ಒಳಗಿದ್ದವರ ಉಸಿರಿನ ಲೆಕ್ಕದಿಂದಲೇ ಕಳೆಯುತ್ತೆ.

ಅಮೆರಿಕ, ಯುರೋಪಿನಲ್ಲಿ ಹವ್ಯಾಸಕ್ಕಂತಲೇ ಒಬ್ಬಿಬ್ಬರು ಕೂರೋ ಸಬ್‌ಮರೀನ್‌ಗಳನ್ನು ಗ್ಯಾರೇಜಿನಲ್ಲೇ ಕಟ್ಟೋರಿದ್ದಾರೆ. ಕಂಪನಿಗಳು ಮಾರೋ ಪತ್ತೆ ಸಾಧನ ಅವರ ಜೇಬಿಗೆ ಭಾರ. ಹಾಗಾಗಿ ಕೆಲವರು ಅದನ್ನೂ ಕೈಯಾರೆ ಮಾಡ್ಕೋತಾರೆ. ಅದೇ ಪಿಂಗರ್.

ಜಿಪಿಎಸ್ ಸಾಕಲ್ವಾ ಅಂತೀರಾ? ರೇಡಿಯೊ ಅಲೆ ಸಮುದ್ರದ ನೀರಿಗೆ ಇಳಿದ ಸ್ವಲ್ಪದರಲ್ಲೇ ಸತ್ತುಹೋಗುತ್ತೆ. ಶಬ್ದ ಹಾಗಲ್ಲ. 1826ರಲ್ಲಿ ಕೊಲಾಡಾನ್ ಅನ್ನೋ ವಿಜ್ಞಾನಿ ಜಿನೀವಾ ಸರೋವರದ ನೀರೊಳಗೆ ಗಂಟೆ ಹೊಡೆಸಿ, ಹತ್ತು ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿ ಕೇಳಿಸ್ಕೊಂಡರು. ಸಮುದ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಅಂದ್ರೆ ಗಾಳಿಯಲ್ಲಿ ಹೋಗೋದಕ್ಕಿಂತ ನಾಲ್ಕು ಪಟ್ಟು ಜಾಸ್ತಿ.

ಈಗ ಸಾಧನಕ್ಕೆ ಬರೋಣ. ಹಾಡೋ ಗ್ರೀಟಿಂಗ್ ಕಾರ್ಡ್ ಬಿಚ್ಚಿದ್ದೀರಾ? ಒಳಗೊಂದು ತೆಳು ಬಿಲ್ಲೆ ಇರುತ್ತೆ, ಪೀಝೋ ಬಿಲ್ಲೆ. ಕರೆಂಟ್ ಕೊಟ್ಟರೆ ನಡುಗುತ್ತೆ, ನಡುಗಿಸಿದರೆ ಕರೆಂಟ್ ಕೊಡುತ್ತೆ. ಅಂದ್ರೆ ಅದೇ ಸ್ಪೀಕರ್, ಅದೇ ಮೈಕ್. ಕಲಿಯೋಕೆ ಇಷ್ಟು ಸಾಕು. ದೂರಕ್ಕೆ ಕೇಳಬೇಕಂದ್ರೆ ದಪ್ಪನೆಯ ಪೀಝೋ ಬಳೆ ಬೇಕು. ಅದನ್ನು ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು, ಒಳಗೆ ಹರಳೆಣ್ಣೆ ತುಂಬಿ ಮುಚ್ತಾರೆ. ಹೌದು, ಅಜ್ಜಿ ತಲೆಗೆ ಹಚ್ತಿದ್ದ ಹರಳೆಣ್ಣೆಯೇ! ಅದರಿಂದ ನೀರಿಗೆ ಶಬ್ದ ಸಲೀಸಾಗಿ ದಾಟುತ್ತೆ, ಆಳದ ಒತ್ತಡಕ್ಕೆ ಅದು ಕುಗ್ಗೋದೂ ಕಡಿಮೆ. ಗಾಳಿಗುಳ್ಳೆ ಮಾತ್ರ ಉಳೀಬಾರದು. ಉಳಿದರೆ ಶಬ್ದ ಅಲ್ಲೇ ಬಡಿದು ವಾಪಸ್ ಬರುತ್ತೆ. ಸೆಕೆಂಡಿಗೊಮ್ಮೆ ‘ಪಿಂಗ್’ ಅನ್ನಿಸೋ ಚಿಕ್ಕ ಸರ್ಕ್ಯೂಟ್, ಒಂದು ಬ್ಯಾಟರಿ ಸೇರಿಸಿದರೆ ಸಬ್‌ಮರೀನ್ ಕಡೆಯ ಕೆಲಸ ಮುಗೀತು.

ಮೇಲೆ ದೋಣಿಯಲ್ಲಿ ಕೇಳೋರು ಬೇಕಲ್ಲ? ಬಾವಿಯಲ್ಲಿ ಈಜುವಾಗ ಮುಳುಗಿ ಎರಡು ಕಲ್ಲು ಬಡಿಯೋ ಆಟ ಆಡಿದವರಿಗೆ ಗೊತ್ತು: ಶಬ್ದ ಎಲ್ಲಾ ಕಡೆಯಿಂದಲೂ ಬಂದ ಹಾಗಿರುತ್ತೆ. ನೀರಲ್ಲಿ ಅದು ಎರಡೂ ಕಿವಿಗೆ ಹೆಚ್ಚೂ ಕಡಿಮೆ ಒಟ್ಟಿಗೇ ತಲುಪೋದರಿಂದ ಮೆದುಳಿಗೆ ದಿಕ್ಕು ಸಿಗಲ್ಲ. ಅದಕ್ಕೇ ಉದ್ದ ಪೈಪಿನ ತುದಿಗೆ ನೀರಿನ ಮೈಕ್, ಅಂದ್ರೆ ಹೈಡ್ರೋಫೋನ್ ಕಟ್ಟಿ, ಅದರ ಬೆನ್ನಿಗೆ ಫೋಮ್ ಅಡ್ಡ ಇಡ್ತಾರೆ. ದೋಣಿಯ ಎಂಜಿನ್ ಆಫ್ ಮಾಡಿ, ಪೈಪನ್ನು ನಿಧಾನಕ್ಕೆ ತಿರುಗಿಸ್ತಾರೆ. ಪಿಂಗ್ ಜೋರಾಗಿ ಕೇಳಿದ ದಿಕ್ಕಿಗೆ ನಕ್ಷೆಯಲ್ಲಿ ಒಂದು ಗೆರೆ. ಸ್ವಲ್ಪ ದೂರ ಹೋಗಿ ಇನ್ನೊಂದು ಗೆರೆ. ಎರಡು ಗೆರೆ ಕೂಡಿದ ಕಡೆ ಸಬ್‌ಮರೀನ್!

ಯಾವ ಆವರ್ತನ ಆರಿಸ್ಬೇಕು? ವಿಮಾನದ ಬ್ಲ್ಯಾಕ್ ಬಾಕ್ಸ್ ಪಿಂಗರ್ 37.5 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತೆ, ಅದು ನಮ್ಮ ಕಿವಿಗೆ ಕೇಳಲ್ಲ. 10 ಕಿಲೋಹರ್ಟ್ಸ್ ಆದರೆ ಸಾದಾ ಆಂಪ್ಲಿಫೈಯರ್, ಹೆಡ್‌ಫೋನ್ ಸಾಕು, ದೂರಕ್ಕೂ ಹೋಗುತ್ತೆ. ಆದರೆ ಅಲೆ ಉದ್ದ ಆಗೋದರಿಂದ ಚಿಕ್ಕ ಹೈಡ್ರೋಫೋನಿಗೆ ದಿಕ್ಕು ಅಷ್ಟು ಖಚಿತವಾಗಿ ಸಿಗಲ್ಲ. ಒಂದು ಬೇಕಂದ್ರೆ ಇನ್ನೊಂದನ್ನು ಸ್ವಲ್ಪ ಬಿಡಬೇಕು.

ಇದರ ಮೇಲೇ ಭಾರ ಹಾಕಿ ಕೂತರೆ ಕಷ್ಟ. ಬಿಸಿನೀರು, ತಣ್ಣೀರಿನ ಪದರಗಳು ಶಬ್ದವನ್ನು ಬಗ್ಗಿಸ್ತವೆ, ಬಂಡೆ ಗೋಡೆಗಳು ಪ್ರತಿಧ್ವನಿ ಕೊಡ್ತವೆ. 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ಹುಡುಕಾಟದಲ್ಲಿ ಪಿಂಗರ್‌ಗಳಿಂದ ದಾರಿ ಸಿಗಲೇ ಇಲ್ಲ. ಸಮುದ್ರತಳದಲ್ಲಿದ್ದ ಮುಖ್ಯ ಅವಶೇಷ ಸಿಕ್ಕಿದ್ದು 2011ರಲ್ಲಿ.

ಆದ್ದರಿಂದ ಮೂರು ಮಾತು ನೆನಪಿಡಿ. ಪಿಂಗರಿಗೆ ಅದರದ್ದೇ ಬ್ಯಾಟರಿ ಇರಲಿ, ಸಬ್‌ಮರೀನಿನ ಕರೆಂಟ್ ಹೋದರೂ ಅದು ಕೂಗಬೇಕು. ಆಪತ್ತು ಬಂದಾಗ ಅಲ್ಲ, ಇಳಿಯೋ ಮೊದಲೇ ಆನ್ ಆಗಿರಲಿ. ಮತ್ತೆ ಪ್ರತಿ ಸಲ ಇಳಿಯೋ ಮುಂಚೆ, ದೋಣಿಯಲ್ಲಿ ಹೆಡ್‌ಫೋನ್ ಹಾಕಿದವರು ‘ಕೇಳ್ತಿದೆ’ ಅನ್ನಲಿ. ಅವರು ಹಾಗನ್ನೋವರೆಗೆ ಮುಚ್ಚಳ ಹಾಕೋದು ಬೇಡ.