ಒಂದು ಕೋಶದಿಂದ ಹದಿನೆಂಟು ಸಾವಿರ ಕೋಟಿಗೆ

ಇಪ್ಪತ್ತು ಲೀಟರ್ ಬಿಯರ್ ಹದವಾಗಿ ಹುದುಗಬೇಕಾದರೆ ಎಷ್ಟು ಯೀಸ್ಟ್ ಕೋಶಗಳು ಬೇಕು, ಊಹಿಸಿ ನೋಡೋಣ! ಲಕ್ಷವಲ್ಲ, ಕೋಟಿಯೂ ಅಲ್ಲ. ಸಾಧಾರಣ ಏಲ್ ಬಿಯರ್‌ಗೆ ಸುಮಾರು 18,000 ಕೋಟಿ! ಭೂಮಿಯ ಮೇಲಿರುವ ಒಟ್ಟು ಮನುಷ್ಯರ ಇಪ್ಪತ್ತು ಪಟ್ಟಿಗೂ ಹೆಚ್ಚು ಜೀವಗಳು, ಅದೂ ಅಡುಗೆಮನೆ ಮೂಲೆಯ ಒಂದು ಬಕೆಟ್ಟಿನಲ್ಲಿ.

ಅಂಗಡಿಯಿಂದ ತಂದ ದ್ರವ ಯೀಸ್ಟಿನ ತಾಜಾ ಪೊಟ್ಟಣದಲ್ಲಿ ಇರುವುದು ಸುಮಾರು 10,000 ಕೋಟಿ. ಪೊಟ್ಟಣ ಹಳತಾದಂತೆ ಅವೂ ಸಾಯುತ್ತಾ ಹೋಗುತ್ತವೆ. ಹಾಗಾಗಿ ಅಮೆರಿಕದಲ್ಲಿ, ಯುರೋಪಿನಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳು ಮೊದಲು ಸ್ಟಾರ್ಟರ್ ಮಾಡಿಕೊಳ್ಳುತ್ತಾರೆ. ನಾವು ಹಾಲಿಗೆ ಹಾಕುವ ಹೆಪ್ಪಿನಂತೆಯೇ; ಆದರೆ ಇದು ಮುಂಚಿತವಾಗಿ ಉಣ್ಣಿಸಿ ಬಲಿಸಿದ ಹೆಪ್ಪು.

ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಕದಡಿ, ಹತ್ತು ಹದಿನೈದು ನಿಮಿಷ ಕುದಿಸಿ, ಚೆನ್ನಾಗಿ ಆರಿಸಿ, ಯೀಸ್ಟ್ ಸುರಿಯುವುದು. ಅಷ್ಟೇ. ಗಾಜಿನ ಫ್ಲಾಸ್ಕಿನ ಬಾಯಿಗೆ ಸಡಿಲವಾಗಿ ಅಲ್ಯೂಮಿನಿಯಂ ಹಾಳೆ, ತಳದಲ್ಲಿ ಗಿರಗಿರನೆ ತಿರುಗುವ ಪುಟ್ಟ ಆಯಸ್ಕಾಂತ. ಅದು ಎಬ್ಬಿಸುವ ಸುಳಿ ಶೋಕಿಗಲ್ಲ! ಗಾಳಿಯಿಲ್ಲದೆಯೂ ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡಬಲ್ಲದು. ಆದರೆ ಮರಿಕೋಶದ ಪೊರೆ ಗಟ್ಟಿಯಾಗಲು ಸ್ಟೆರಾಲ್ ಎಂಬ ವಸ್ತು ಬೇಕು, ಸ್ಟೆರಾಲ್ ತಯಾರಿಸಲು ಆಮ್ಲಜನಕ ಬೇಕು. ಸುಳಿ ಅದನ್ನು ಒಳಗೆಳೆದು ತರುತ್ತದೆ. ಆಗ ಕೋಶದ ಮೈಮೇಲೆ ಮೊಗ್ಗೊಂದು ಮೂಡುತ್ತದೆ, ಉಬ್ಬುತ್ತದೆ, ಬೇರೆಯಾಗುತ್ತದೆ. ಒಂದು ಎರಡಾಯಿತು! ಒಂದೇ ಕೋಶದಿಂದ ಶುರುಮಾಡಿ 38 ಸಲ ದ್ವಿಗುಣಗೊಳಿಸಿ ನೋಡಿ: 27,000 ಕೋಟಿ ದಾಟಿರುತ್ತದೆ. ಲೆಕ್ಕ ಮಾಡಿದಷ್ಟೂ ಮೈ ಜುಂ ಎನ್ನುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಇದನ್ನು ನಿಜಕ್ಕೂ ಮಾಡಿ ತೋರಿಸಿದರು. ಆಗೆಲ್ಲ ಬಿಯರ್ ಕಾರಣವೇ ತಿಳಿಯದೆ ಕೆಡುತ್ತಿತ್ತು; ಒಳ್ಳೆಯ ಯೀಸ್ಟಿನೊಳಗೆ ಕಾಡು ಯೀಸ್ಟ್ ಬೆರೆತಿರುತ್ತಿತ್ತು. ಹ್ಯಾನ್ಸನ್ ಒಂದೇ ಒಂದು ಕೋಶವನ್ನು ಬೇರ್ಪಡಿಸಿ, ಅದರ ಸಂತತಿಯನ್ನು ಹಂತಹಂತವಾಗಿ ಬೆಳೆಸಿ, ಇಡೀ ಕಾರ್ಖಾನೆಯ ತೊಟ್ಟಿಗಳಿಗೆ ಹಾಕಿಸಿದರು. ಒಂದು ಕೋಶ, ಕಾರ್ಖಾನೆ ತುಂಬ ಲಾಗರ್ ಬಿಯರ್! ಇನ್ನೂ ದೊಡ್ಡ ಮಾತೆಂದರೆ, ಕಂಪನಿಯ ಮಾಲೀಕ ಜೆ.ಸಿ. ಯಾಕೋಬ್‌ಸನ್ ಆ ಯೀಸ್ಟನ್ನು ಬಚ್ಚಿಡಲಿಲ್ಲ, ಬೇರೆ ಬಿಯರ್ ತಯಾರಕರಿಗೂ ಕೊಟ್ಟರು. ವಿಜ್ಞಾನದ ಇತಿಹಾಸದಲ್ಲಿ ಇಂಥ ಔದಾರ್ಯ ಅಪರೂಪ.

ಮತ್ತೆ ನಮ್ಮ ಫ್ಲಾಸ್ಕಿಗೆ ಬರೋಣ. ಒಂದು ಒಂದೂವರೆ ದಿನ ಕಳೆಯಿತೆನ್ನಿ. ಫ್ರಿಜ್ಜಿನಲ್ಲಿಟ್ಟರೆ ಯೀಸ್ಟ್ ತಳದಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಮೇಲಿನ ತಿಳಿಯನ್ನು ಬಸಿದು, ಉಳಿದದ್ದನ್ನು ಬಿಯರ್ ಆಗಲಿರುವ ಮಾಲ್ಟ್ ರಸದ ಬಿಸಿಗೆ ಹತ್ತಿರ ತಂದು (ಏಲ್‌ಗೆ 18–20 ಡಿಗ್ರಿ ಸೆಲ್ಸಿಯಸ್) ಸುರಿಯಬೇಕು. ಸಾಮಾನ್ಯವಾಗಿ ಒಂದು ದಿನದೊಳಗೆ ನೊರೆ ಏಳುತ್ತದೆ. ಲಾಗರ್ ತಂಪಿನಲ್ಲಿ ಹುದುಗುವುದರಿಂದ ಅದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಯೀಸ್ಟ್ ಬೇಕು.

ಈ ಬೆರಗನ್ನು ಕಣ್ಣಾರೆ ಕಾಣಲು ಬಿಯರೇ ಬೇಕೆಂದಿಲ್ಲ. ಬ್ರೆಡ್ಡಿಗೆ ಹಾಕುವ ಯೀಸ್ಟೂ ಏಲ್‌ನ ಯೀಸ್ಟೂ ಒಂದೇ ಜಾತಿ. ಬೆಚ್ಚನೆಯ ಸಕ್ಕರೆ ನೀರಿಗೆ ಚಿಟಿಕೆ ಬೇಕರಿ ಯೀಸ್ಟ್ ಹಾಕಿ, ಒಂದೆರಡು ಗಂಟೆ ಬಿಟ್ಟು, ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಡಿ 400 ಪಟ್ಟು ಹಿಗ್ಗಿಸಿ ನೋಡಿ. ಮೊಗ್ಗುಗಳು ಕಾಣುತ್ತವೆ. ಮಕ್ಕಳನ್ನೂ ಕರೆದು ತೋರಿಸಿ.